ಫೋನಿನೊಳಗಿನ ಮೀನುಗಾರರ ಊರು

ಬೈಂದೂರು ತಾಲ್ಲೂಕಿನ ಉಪ್ಪುಂದದ ಕಡಲತೀರದಲ್ಲಿ ಬಲೆಯನ್ನು ಒಣಹಾಕಿ ಕುಳಿತ ಮೀನುಗಾರನ ಕೈಯಲ್ಲಿ ಮೊಬೈಲ್ ಫೋನು ಇರುವುದು ಇಂದು ಸಾಮಾನ್ಯ ನೋಟ. ಅದು ಆಂಡ್ರಾಯ್ಡ್ ಫೋನಾಗಿದ್ದರೆ, ಅದರ ವಂಶಾವಳಿಯಲ್ಲಿ ಮೀನುಗಾರರ ಇನ್ನೊಂದು ಊರಿನ ಹೆಸರು ಅಡಗಿದೆ. ಅದು ಐಸ್‌ಲೆಂಡಿನ ದಾಲ್ವಿಕ್. 2008ರಲ್ಲಿ ಪೇಟೆಗೆ ಬಂದ ಮೊದಲ ಆಂಡ್ರಾಯ್ಡ್ ಫೋನಿನಲ್ಲಿ ತಂತ್ರಾಂಶಗಳನ್ನು ಓದಿ ನಡೆಸುತ್ತಿದ್ದ ಅಂಗಕ್ಕೆ, ಅದರ ನಿರ್ಮಾಪಕರಾದ ಡಾನ್ ಬಾರ್ನ್‌ಸ್ಟೀನ್ ಆ ಹೆಸರನ್ನಿಟ್ಟರು.

ಇಂಥ ಕೆಲಸಕ್ಕೆ ಸನ್ ಸಂಸ್ಥೆಯ ಜಾವಾ 1995ರಿಂದಲೂ ಸಿದ್ಧವಾಗಿತ್ತಲ್ಲ, ಹೊಸದನ್ನೇಕೆ ಕಟ್ಟಬೇಕಾಯಿತು? ಕಡಿಮೆ ಸ್ಮೃತಿಯಲ್ಲಿ ಕೆಲಸ ಸಾಗಬೇಕೆಂಬುದು ಒಂದು ಕಾರಣ. ಇನ್ನೊಂದು ಕಾರಣ ಯಂತ್ರಶಾಸ್ತ್ರದ್ದಲ್ಲ, ಪರವಾನಗಿಯದು. ಮೊಬೈಲುಗಳಲ್ಲಿ ಜಾವಾ ಬಳಸಲು ಸನ್ ಸಂಸ್ಥೆಯ ಒಪ್ಪಿಗೆ ಬೇಕಿತ್ತು. ಗೂಗಲ್ ಅದರೊಡನೆ ನಡೆಸಿದ ಮಾತುಕತೆ ಫಲಿಸಲಿಲ್ಲ. ಆಗ ಗೂಗಲ್ ತನ್ನದೇ ಅಂಗವನ್ನು ರಚಿಸಿ, ಜಾವಾದ ಆಜ್ಞೆಗಳ ಹೆಸರು ಮತ್ತು ಕ್ರಮಗಳನ್ನು ಮಾತ್ರ ಉಳಿಸಿಕೊಂಡಿತು.

ಇದನ್ನು ದೋಣಿಯ ಉದಾಹರಣೆಯಿಂದ ತಿಳಿಯೋಣ. ತಂಡೇಲನು “ಬಲೆ ಬಿಡು” ಎಂದು ಕೂಗುತ್ತಾನೆ. ಕೂಗು ಒಂದು, ಅದನ್ನು ಕೇಳಿ ಬಲೆ ಬಿಡುವ ಕೈಚಳಕ ಮತ್ತೊಂದು. ಕೈಚಳಕವನ್ನು ಗೂಗಲ್ ಹೊಸದಾಗಿ ರೂಪಿಸಿತು. ಕೂಗನ್ನು ಮಾತ್ರ ಹಳೆಯದನ್ನೇ ಇಟ್ಟಿತು. ಹಳೆಯ ಕೂಗಿಗೆ ಪಳಗಿದ ಲಕ್ಷಾಂತರ ತಂತ್ರಜ್ಞರು ಹೊಸ ದೋಣಿಯನ್ನು ಸುಲಭವಾಗಿ ಏರಲೆಂಬುದೇ ಇದರ ಉದ್ದೇಶ.

ಆದರೆ ಕೂಗಿಗೂ ಒಡೆಯರುಂಟೆ? 2010ರ ಜನವರಿಯಲ್ಲಿ ಸನ್ ಸಂಸ್ಥೆಯನ್ನು ಕೊಂಡ ಒರೇಕಲ್, ಅದೇ ಆಗಸ್ಟಿನಲ್ಲಿ ಉಂಟೆಂದು ದಾವೆ ಹೂಡಿತು. ವಿವಾದಕ್ಕೆ ಗುರಿಯಾದದ್ದು ಸುಮಾರು 11,500 ಸಾಲುಗಳು. ಒಂದು ಹಂತದಲ್ಲಿ ಕೇಳಿದ ಪರಿಹಾರವಾದರೋ ಸುಮಾರು 900 ಕೋಟಿ ಡಾಲರು! ತೀರ್ಪು ಅತ್ತಿತ್ತ ಹೊಯ್ದಾಡಿ, ಕೊನೆಗೆ 2021ರ ಏಪ್ರಿಲಿನಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಇದು ನ್ಯಾಯೋಚಿತ ಬಳಕೆಯೆಂದು 6–2ರ ಬಹುಮತದಿಂದ ತೀರ್ಮಾನಿಸಿತು. ಕೂಗಿಗೆ ಕೃತಿಸ್ವಾಮ್ಯ ಉಂಟೋ ಇಲ್ಲವೋ ಎಂಬ ಮೂಲಪ್ರಶ್ನೆಗೆ ಮಾತ್ರ ಅದು ಉತ್ತರ ಕೊಡಲಿಲ್ಲ.

ಅಷ್ಟರಲ್ಲಿ ಯಂತ್ರವೇ ಬದಲಾಗಿತ್ತು. 2014ರಲ್ಲಿ ದಾಲ್ವಿಕ್ ತೆರವಾಗಿ ಹೊಸ ಅಂಗ ಬಂದಿತು. ಇದು ವೇಗಕ್ಕಾಗಿ ಮಾಡಿದ ಮಾರ್ಪಾಡು. 2016ರ ಏಳನೆಯ ಆವೃತ್ತಿಯಲ್ಲಿಯಾದರೆ ಗೂಗಲ್, ಜಾವಾದ ಮುಕ್ತ ಪರವಾನಗಿಯ ರೂಪವಾದ ಓಪನ್ ಜೆಡಿಕೆಯ ಭಾಗಗಳನ್ನು ಅಳವಡಿಸಿಕೊಂಡಿತು. 2017ರಲ್ಲಿ ಕೋಟ್ಲಿನ್ ಭಾಷೆಗೆ ಮನ್ನಣೆ ದೊರೆತು, 2019ರಲ್ಲಿ ಅದಕ್ಕೆ ಅಗ್ರಸ್ಥಾನ ಸಂದಿತು. ವ್ಯಾಜ್ಯವೇ ಅದಕ್ಕೆ ಕಾರಣವೆನ್ನಲಾಗದು. ಅಡಕವಾಗಿ ಬರೆಯುವ ಅನುಕೂಲವೂ ಅದರಲ್ಲಿದೆ.

ಕೀಲಿಮಣೆಯಲ್ಲಿ ಅಕ್ಷರಗಳನ್ನು ಜೋಡಿಸುವ ಕ್ರಮವೂ ಇಂಥದೊಂದು ಕೂಗೇ ಅಲ್ಲವೆ? ನಮ್ಮ ಕರಾವಳಿಯವರೇ ಆದ ಕಿನ್ನಿಕಂಬಳ ಪದ್ಮನಾಭ ರಾವ್ ಅವರು ರೂಪಿಸಿದ ಕನ್ನಡ ಕೀಲಿಮಣೆಯ ವಿನ್ಯಾಸ ಎಲ್ಲರಿಗೂ ಮುಕ್ತವಾಗಿ ದೊರೆಯಿತು. ಕರ್ನಾಟಕ ಸರಕಾರವು ಅಂಗೀಕರಿಸಿದ ವಿನ್ಯಾಸಕ್ಕೂ ಅದೇ ತಳಹದಿ. ಒಮ್ಮೆ ಬೆರಳಿಗೆ ಪಳಗಿದ ಕ್ರಮವನ್ನು ಕನ್ನಡಿಗನು ಯಂತ್ರ ಬದಲಾದಾಗ ಮರೆಯಬೇಕಾಗಲಿಲ್ಲ.

ಒಳ್ಳೆಯ ತಂತ್ರವೇ ಗೆಲ್ಲುತ್ತದೆಂದು ನಾವು ನಂಬುವುದುಂಟು. ಆದರೆ ಯಾವ ತಂತ್ರ ನಮ್ಮ ಕೈಸೇರಬೇಕೆಂಬುದನ್ನು, ಎಂಜಿನಿಯರನ ಜೊತೆಗೆ, ನಾವು ಓದದ ಕರಾರುಪತ್ರವೂ ನಿರ್ಧರಿಸುತ್ತದೆ. ಬಲೆಯ ಗಂಟನ್ನು ಬಲ್ಲವರು ಈ ಗಂಟನ್ನೂ ತಿಳಿದಿರುವುದು ಲೇಸು.