ತುಟಿ, ಗದ್ದದ ಜೋಮು: ಗಾಬರಿ ಬೇಡ, ಜಾಗ್ರತೆ ಇರಲಿ

ದವಡೆ ಸರಿಪಡಿಸುವ ಆಪರೇಷನ್ ಆಗಿ ತಿಂಗಳುಗಳೇ ಕಳೆದರೂ ನಿಮ್ಮ ಕೆಳತುಟಿ, ಗದ್ದ ಇನ್ನೂ ಮರಗಟ್ಟಿದಂತಿದೆಯೇ? ಮುಖ ಹೊರಗಿಂದ ಚೆನ್ನಾಗೇ ಕಾಣುವುದರಿಂದ ಮನೆಯವರಿಗೆ ಈ ಕಷ್ಟ ಅರ್ಥವಾಗೋದು ಕಡಿಮೆ.

ತುಟಿಗೆ ಸ್ಪರ್ಶಜ್ಞಾನ ಕೊಡುವ ನರ ಕೆಳದವಡೆಯ ಮೂಳೆಯೊಳಗೇ ಸಾಗುತ್ತದೆ. ಮೂಳೆ ಸೀಳಿ ಹೊಂದಿಸುವಾಗ ಅದು ಜಗ್ಗಿ ನೋಯಬಹುದು. ಪೆಟ್ಟಾದ ನರ ಬೆಳೆಯುವುದು ದಿನಕ್ಕೆ ಸುಮಾರು 1 ಮಿ.ಮೀ. ಮಾತ್ರ. ಹಾಗಾಗಿ 6 ತಿಂಗಳು, ವರ್ಷ ಹಿಡಿದೀತು. ಇರುವೆ ಹರಿದಂತಾದರೆ ಅದು ಹೆಚ್ಚಾಗಿ ಚೇತರಿಕೆಯ ಲಕ್ಷಣ. ಕೆಲವರಿಗೆ ಸ್ವಲ್ಪ ಜೋಮು ಉಳಿದೇ ಬಿಡುತ್ತದೆ. ಆದರೆ ಇದು ಸ್ಪರ್ಶದ ನರ. ನಿಮ್ಮ ನಗುವಿಗೆ ಇದರಿಂದ ಧಕ್ಕೆಯಿಲ್ಲ.

ಹೀಗೆ ಮಾಡಿ:

* ಗಂಜಿ, ಚಹಾ ಕುಡಿಯುವ ಮೊದಲು ಬಿಸಿ ಎಷ್ಟಿದೆಯೆಂದು ಕೈಯಿಂದ ನೋಡಿ. ಬಂಗುಡೆಯ ಮುಳ್ಳು ಪೂರ್ತಿ ಬಿಡಿಸಿಯೇ ತಿನ್ನಿ.

* ಉಂಡ ಮೇಲೆ ತುಟಿ ಒರೆಸಿ, ಕಚ್ಚಿಕೊಂಡಿದೆಯೇ ಎಂದು ಕನ್ನಡಿ ನೋಡಿ.

* ಮರಗಟ್ಟಿದ ಜಾಗಕ್ಕೆ ಬಿಸಿ ಶಾಖ, ಐಸ್ ಬೇಡ.

* ವೈದ್ಯರನ್ನು ಕೇಳಿ, ಮೆತ್ತನೆಯ ಬ್ರಷ್‌ನಿಂದ ಗದ್ದ ಸವರಿ. ಯಾವ ಕಡೆಗೆ ಸವರಿದ್ದೆಂದು ಮೊದಲು ಕನ್ನಡಿ ನೋಡಿ, ಆಮೇಲೆ ಕಣ್ಣು ಮುಚ್ಚಿ ಗುರುತಿಸಿ. ಜೋಮಿನ ಕಿರಿಕಿರಿ ತಗ್ಗಲು ಈ ಅಭ್ಯಾಸ ನೆರವಾಗುತ್ತದೆ.

ಉರಿ ನೋವು, ಊತ, ಕೀವು ಕಂಡರೆ ಕಾಯಬೇಡಿ, ಆಪರೇಷನ್ ಮಾಡಿದ ವೈದ್ಯರಿಗೆ ತೋರಿಸಿ. ಕುಂದಾಪುರ, ಬೈಂದೂರು, ಬ್ರಹ್ಮಾವರದವರಿಗೆ ಮಣಿಪಾಲದ ದಂತ ಕಾಲೇಜಿನಲ್ಲೂ ದವಡೆ ಶಸ್ತ್ರಚಿಕಿತ್ಸೆಯ ವಿಭಾಗವಿದೆ. 'ತುಟಿ ನಂದೇ ಅಲ್ದ ಹಾಂಗ್ ಆತ್' ಎನ್ನಲು ಸಂಕೋಚ ಬೇಡ. ಹೇಳಿದರೆ ತಾನೇ ಮನೆಯವರಿಗೂ ಗೊತ್ತಾಗೋದು?