ಅಳವಡಿಸಿ ವರ್ಷಗಳಾದ ಮೇಲೆ ಕೆಟ್ಟರೆ ಹೊಣೆ ಯಾರದು?

ಕೊಡಗಿನಂತಹ ಮಳೆನಾಡಿನಲ್ಲಿ ಮನೆಗೆ ಅಳವಡಿಸಿದ ಸಾಮಗ್ರಿಗಳ ನಿಜವಾದ ಪರೀಕ್ಷೆ ನಡೆಯುವುದು ಎರಡು ಮೂರು ಮಳೆಗಾಲಗಳು ಕಳೆದ ಮೇಲೆಯೇ. ಅಡುಗೆಮನೆಯ ಕಪಾಟಿನ ಪ್ಲೈವುಡ್ ಪದರ ಬಿಡುತ್ತದೆ. ಗೀಸರಿನ ಟ್ಯಾಂಕ್ ಸೋರತೊಡಗುತ್ತದೆ. ಕಿಟಕಿಯ ಸಂದಿನಿಂದ ನೀರು ಒಳಬರುತ್ತದೆ. ಆಗ ಮಾರಿದವರು ತಯಾರಕರತ್ತ, ತಯಾರಕರು ಅಳವಡಿಸಿದವರತ್ತ ಬೊಟ್ಟು ಮಾಡುವುದುಂಟು. ಈ ಬಗ್ಗೆ ಕಾನೂನು ಏನು ಹೇಳುತ್ತದೆಂಬುದನ್ನು ಗ್ರಾಹಕರಂತೆಯೇ ವರ್ತಕರೂ ಅರಿತಿರುವುದು ಅವಶ್ಯ.

ದೋಷ ಮತ್ತು ನ್ಯೂನತೆ

1986ರ ಕಾಯಿದೆಯ ಸ್ಥಾನದಲ್ಲಿ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು 2020ರ ಜುಲೈನಲ್ಲಿ ಜಾರಿಗೊಂಡಿತು. ಅದು ಸರಕಿನ ದೋಷವನ್ನೂ ಸೇವೆಯ ನ್ಯೂನತೆಯನ್ನೂ ಪ್ರತ್ಯೇಕವಾಗಿ ಗುರುತಿಸುತ್ತದೆ. ಐಎಸ್ 710 ಗುಣಮಟ್ಟದ ಮೆರೈನ್ ಪ್ಲೈವುಡ್ ಎಂದು ಹೇಳಿ ಸಾಧಾರಣ ಹಲಗೆ ಕೊಟ್ಟಿದ್ದರೆ ಅದು ಸರಕಿನ ದೋಷ. ಸರಕು ಉತ್ತಮವಾಗಿದ್ದು ಜೋಡಣೆ ಸರಿಯಾಗಿರದಿದ್ದರೆ ಅದು ಸೇವೆಯ ನ್ಯೂನತೆ. ದೂರು ಯಾರ ಮೇಲೆ ಎಂಬುದು ಇದರಿಂದಲೇ ನಿರ್ಧಾರವಾಗುತ್ತದೆ.

ಸೋರಿದ ನೀರಿನಿಂದ ಛಾವಣಿ ಹಾಳಾದರೆ ಅಥವಾ ಯಾರಿಗಾದರೂ ಗಾಯವಾದರೆ ಉತ್ಪನ್ನ ಹೊಣೆಗಾರಿಕೆಯ ವಿಧಿಗಳು ಅನ್ವಯಿಸುತ್ತವೆ. ತಯಾರಕರು ಯಾರೆಂದು ತಿಳಿಯದಿದ್ದಾಗ, ಅಥವಾ ಮಾರಾಟಗಾರರು ಪ್ರತ್ಯೇಕವಾಗಿ ಕೊಟ್ಟ ಭರವಸೆ ಸುಳ್ಳಾಗಿ ಹಾನಿಯಾದಾಗ, ಹೊಣೆ ಅಂಗಡಿಯವರ ಮೇಲೂ ಬರಬಹುದು. ಆದರೆ ಬಳಕೆದಾರರು ಸಾಧನವನ್ನು ದುರುಪಯೋಗ ಮಾಡಿದ್ದರೆ ಅಥವಾ ಮಾರ್ಪಡಿಸಿದ್ದರೆ ಅದು ಮಾರಾಟಗಾರರಿಗೆ ರಕ್ಷಣೆಯಾಗುತ್ತದೆ.

ಎರಡು ವರ್ಷಗಳ ಗಡುವು

ವ್ಯಾಜ್ಯಕಾರಣ ಹುಟ್ಟಿದ ದಿನದಿಂದ ಎರಡು ವರ್ಷಗಳೊಳಗೆ ದೂರು ಸಲ್ಲಿಸಬೇಕೆಂದು 69ನೇ ಕಲಮು ವಿಧಿಸುತ್ತದೆ. ಕೊಂಡ ದಿನವೇ ಯಾವಾಗಲೂ ಆರಂಭದ ದಿನವಲ್ಲ. ಐದು ವರ್ಷಗಳ ವಾರಂಟಿಯಿರುವ ಟ್ಯಾಂಕ್ ನಾಲ್ಕನೆಯ ವರ್ಷ ಸೋರಿದರೆ, ಕೊಂಡು ಎರಡು ವರ್ಷ ಮೀರಿತೆಂಬ ಒಂದೇ ಕಾರಣದಿಂದ ಹಕ್ಕು ಹೋಗುವುದಿಲ್ಲ. ವಾರಂಟಿ ಮುಗಿದ ಬಳಿಕವಾದರೆ, ದೋಷ ಮೊದಲೇ ಅಡಗಿತ್ತೆಂದು ಗ್ರಾಹಕರು ತೋರಿಸಬೇಕಾಗುತ್ತದೆ. ಸಹಜ ಸವಕಳಿಗೆ ಪರಿಹಾರವಿಲ್ಲ.

ಇಲ್ಲಿ ಅನೇಕರು ಎಡವುತ್ತಾರೆ. ಕಂಪನಿಯೊಡನೆ ಪತ್ರವ್ಯವಹಾರ ನಡೆಯುತ್ತಿರುವವರೆಗೆ ಗಡುವು ನಿಲ್ಲುತ್ತದೆಂಬುದು ತಪ್ಪು ತಿಳಿವಳಿಕೆ. ಪತ್ರ ಬರೆದ ಮಾತ್ರಕ್ಕೆ ಕಾಲಮಿತಿ ವಿಸ್ತರಿಸದೆಂಬುದನ್ನು ಕಂದಿಮಲ್ಲ ರಾಘವಯ್ಯ ವಿಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2009ರಲ್ಲಿ ಸ್ಪಷ್ಟಪಡಿಸಿದೆ. ವಿಳಂಬಕ್ಕೆ ಸಾಕಷ್ಟು ಕಾರಣವಿದ್ದರೆ ಆಯೋಗವು ಅದನ್ನು ದಾಖಲಿಸಿ ಮನ್ನಿಸಬಹುದು.

ಹೋಂಸ್ಟೇ ನಡೆಸುವವರಿಗೆ

ವಾಣಿಜ್ಯ ಉದ್ದೇಶಕ್ಕೆ ಕೊಂಡವರು ಕಾಯಿದೆಯ ದೃಷ್ಟಿಯಲ್ಲಿ ಗ್ರಾಹಕರಲ್ಲ. ಸ್ವಂತ ದುಡಿಮೆಯಿಂದ ಜೀವನೋಪಾಯಕ್ಕಾಗಿಯೇ ಬಳಸುವ ಸರಕಿಗೆ ಮಾತ್ರ ವಿನಾಯಿತಿಯಿದೆ. ಅತಿಥಿಗಳ ಕೋಣೆಗೆ ಗೀಸರ್ ಹಾಕಿಸಿದವರ ದೂರಿನಲ್ಲಿ ಈ ಪ್ರಶ್ನೆ ಮೊದಲಿಗೇ ಏಳಬಹುದು. ಆದ್ದರಿಂದ ಅಂತಹವರು ಖರೀದಿಯ ವೇಳೆಯೇ ಲಿಖಿತ ಒಪ್ಪಂದ ಮಾಡಿಕೊಳ್ಳುವುದು ಲೇಸು.

ದೂರು ಎಲ್ಲಿ?

ಗ್ರಾಹಕರು ತಾವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು; ಕೊಡಗಿನವರಿಗೆ ಮಡಿಕೇರಿಯ ಜಿಲ್ಲಾ ಆಯೋಗವಿದೆ. ತೆತ್ತ ಬೆಲೆ 50 ಲಕ್ಷ ರೂಪಾಯಿಗಳವರೆಗಿದ್ದರೆ ಜಿಲ್ಲಾ ಆಯೋಗದ ವ್ಯಾಪ್ತಿ; 5 ಲಕ್ಷದವರೆಗೆ ಶುಲ್ಕವಿಲ್ಲ. ಅಗತ್ಯವಿದ್ದರೆ ಆಯೋಗವು ಸರಕನ್ನು ಪ್ರಯೋಗಾಲಯಕ್ಕೆ ಕಳುಹಿಸುತ್ತದೆ. ಮೊದಲ ಹೆಜ್ಜೆಯಾಗಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆಮಾಡಬಹುದು.

ಸದಸ್ಯರ ಗಮನಕ್ಕೆ

ಬಿಲ್ಲು ಕೊಡದಿರುವುದು ಕಾಯಿದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ಬಿಲ್ಲಿನಲ್ಲಿ ಸರಕಿನ ದರ್ಜೆ, ಅಳವಡಿಸಿದ ದಿನಾಂಕ ಮತ್ತು ಅಳವಡಿಸಿದವರ ಹೆಸರನ್ನು ನಮೂದಿಸಿ. ತಯಾರಕರ ವಾರಂಟಿಗಿಂತ ಹೆಚ್ಚಿನ ಭರವಸೆಯನ್ನು ಬಾಯಿಮಾತಿನಲ್ಲಿ ನೀಡದಿರಿ. ದೂರು ಬಂದಾಗ ಸ್ಥಳ ಪರಿಶೀಲಿಸಿ ಲಿಖಿತ ಉತ್ತರ ಕೊಡಿ. ಗ್ರಾಹಕರ ಹಕ್ಕನ್ನು ಕಾಯುವ ಆ ಒಂದು ಹಾಳೆಯೇ ಪ್ರಾಮಾಣಿಕ ವರ್ತಕರನ್ನೂ ಕಾಯುತ್ತದೆ.