ಹಳೆಯ ಫೋನೋಗ್ರಾಫು ಯಂತ್ರಗಳೊಳಗಿನ ಭೇದಗಳು

ನಮ್ಮ ಹಿರಿಯರು ಮಾತಾಡುವ ಯಂತ್ರವೆಂದು ಕರೆದ ಫೋನೋಗ್ರಾಫು ಈಗ ಮನೆಮನೆಗಳಲ್ಲಿ ಹಾಡುವದಿಲ್ಲ. ಎಲ್ಲಿಯಾದರೂ ಒಂದು ಅಟ್ಟದ ಮೇಲೆಯೋ, ಸಂದೂಕಿನ ಹಿಂದೆಯೋ ಉಳಿದಿದ್ದರೆ ಅದು ಧೂಳು ಹಿಡಿದು ಮೌನವಾಗಿರುವದು. ಆದರೆ ಇಂಥ ಯಂತ್ರಗಳನ್ನು ಹುಡುಕಿ ತಂದು, ಅವುಗಳೊಳಗಿನ ಚಿಕ್ಕ ಚಿಕ್ಕ ಭೇದಗಳನ್ನು ಬರೆದಿಡುವ ಸಂಗ್ರಾಹಕರು ದೇಶವಿದೇಶಗಳಲ್ಲಿ ಅನೇಕರುಂಟು. ಒಂದು ತಿರುಪಿನ ಆಕಾರ, ಒಂದು ಫಲಕದ ಅಂಕೆ, ಒಂದು ಮುಳ್ಳಿನ ದಪ್ಪ ಇವುಗಳನ್ನು ಬರೆದಿಡುವದರಿಂದ ಆಗುವ ಪ್ರಯೋಜನವೇನೆಂದು ಯಾರಾದರೂ ಕೇಳಬಹುದು. ಆ ಪ್ರಶ್ನೆಗೆ ತಕ್ಕಷ್ಟು ಉತ್ತರ ಕೊಡುವದೇ ಈ ಲೇಖನದ ಉದ್ದೇಶವಾಗಿರುತ್ತದೆ.

ದೂರದ ಊರಿನವನಿಗೆ ಶಹಾಬಾದದ ಪರಸಿ ಕಲ್ಲುಗಳೆಲ್ಲ ಒಂದೇ ತೆರನಾಗಿ ತೋರುವವು. ಗಣಿಯಲ್ಲಿ ಕೆಲಸಮಾಡಿದವನಾದರೋ ಬಣ್ಣವನ್ನೂ ದಪ್ಪವನ್ನೂ ನೋಡಿ, ಬೆರಳಿನಿಂದ ಬಡಿದು, ಈ ಕಲ್ಲು ಅಂಗಳಕ್ಕೆ ತಕ್ಕದ್ದು, ಈ ಕಲ್ಲು ಸೀಳತಕ್ಕದ್ದು ಎಂದು ಹೇಳುವನು. ಯಂತ್ರಗಳ ವಿಷಯದಲ್ಲಿಯೂ ಹಾಗೆಯೇ. ಒಂದೇ ಹೆಸರು, ಒಂದೇ ಪೆಟ್ಟಿಗೆ ಇದ್ದರೂ ಒಳಗಿನ ರಚನೆ ಬೇರೆ ಬೇರೆಯಾಗಿರುವದುಂಟು.

ಅಮೇರಿಕದ ಥಾಮಸ ಎಡಿಸನ್ನನು 1877ರಲ್ಲಿ ಮಾಡಿದ ಮೊದಲಿನ ಯಂತ್ರದಲ್ಲಿ ಧ್ವನಿಯು ತವರದ ತೆಳುವಾದ ಹಾಳೆಯ ಮೇಲೆ ಮೂಡುತ್ತಿತ್ತು. ಮುಂದೆ 1888ರಲ್ಲಿ ಅವನು ಮೇಣದ ಉರುಳೆಯನ್ನು ಬಳಕೆಗೆ ತಂದನು. ಅಷ್ಟರೊಳಗೆ, 1887ರಲ್ಲಿ, ಎಮಿಲ್ ಬರ್ಲಿನರನು ಚಪ್ಪಟೆಯಾದ ತಟ್ಟೆಯನ್ನು ನುಡಿಸುವ ಬೇರೊಂದು ಯಂತ್ರಕ್ಕೆ ಪೇಟೆಂಟು ಪಡೆದು, ಅದಕ್ಕೆ ಗ್ರಾಮೋಫೋನೆಂದು ಹೆಸರಿಟ್ಟನು. ಉರುಳೆಯದು ಫೋನೋಗ್ರಾಫು, ತಟ್ಟೆಯದು ಗ್ರಾಮೋಫೋನು. ಜನರ ಬಾಯಲ್ಲಿ ಮಾತ್ರ ಎರಡೂ ಒಂದೇ ಆದವು.

ಭೇದಗಳ ಮಹತ್ವವು ಒಂದು ಉದಾಹರಣೆಯಿಂದ ಸ್ಪಷ್ಟವಾಗುವದು. 1898ರಲ್ಲಿ ಎಡಿಸನ್ನನ ಕಂಪನಿಯವರು ‘ಸ್ಟ್ಯಾಂಡರ್ಡ್’ ಎಂಬ ಮನೆಬಳಕೆಯ ಫೋನೋಗ್ರಾಫನ್ನು ಮಾರಾಟಕ್ಕೆ ತಂದರು. ಮುಂದಿನ ವರ್ಷಗಳಲ್ಲಿ ಅದೇ ಹೆಸರಿನಿಂದ ‘ಎ’ ಮೊದಲುಗೊಂಡು ‘ಜಿ’ ವರೆಗೆ ಹಲವು ಮಾದರಿಗಳು ಹೊರಟವು. ಮೊದಲಿನ ಉರುಳೆಗಳಲ್ಲಿ ಒಂದು ಅಂಗುಲಕ್ಕೆ 100 ಗೆರೆಗಳಿದ್ದು, ನಿಮಿಷಕ್ಕೆ 160 ಸುತ್ತಿನಂತೆ ಸುಮಾರು 2 ನಿಮಿಷ ಹಾಡುತ್ತಿದ್ದವು. 1908ರಲ್ಲಿ ‘ಆಂಬರೋಲ್’ ಎಂಬ ಉರುಳೆಗಳು ಬಂದವು. ಅವುಗಳಲ್ಲಿ ಅಂಗುಲಕ್ಕೆ 200 ಗೆರೆಗಳಿದ್ದು, ಹಾಡು 4 ನಿಮಿಷ ನಡೆಯುತ್ತಿತ್ತು. ಆದದರಿಂದ ಗೆರೆಯಲ್ಲಿ ನಡೆಯುವ ಮುಳ್ಳೂ ಸಣ್ಣದಾಗಬೇಕಾಯಿತು. ಮುಳ್ಳನ್ನು ಹಿಡಿದುಕೊಂಡು ಧ್ವನಿ ಕೊಡುವ ರಿಪ್ರೊಡ್ಯೂಸರುಗಳಲ್ಲಿ ‘ಸಿ’ ಎಂಬದು 2 ನಿಮಿಷದ ಉರುಳೆಗೆ, ‘ಎಚ್’ ಎಂಬದು 4 ನಿಮಿಷದ ಉರುಳೆಗೆ, ‘ಕೆ’ ಎಂಬದು ಮುಳ್ಳನ್ನು ತಿರುಗಿಸಿಕೊಂಡು ಎರಡಕ್ಕೂ ಉಪಯೋಗವಾಗತಕ್ಕದ್ದು. ಹೊರಗಿನಿಂದ ನೋಡುವವರಿಗೆ ಇವುಗಳ ಅಂತರ ತಿಳಿಯುವದು ಕಷ್ಟ. ಆದರೆ 4 ನಿಮಿಷದ ಮೇಣದ ಉರುಳೆಯ ಮೇಲೆ ‘ಸಿ’ ಇಟ್ಟರೆ ಅದರ ದಪ್ಪ ಮುಳ್ಳು ಸಣ್ಣ ಗೆರೆಗಳನ್ನು ಉತ್ತು ಹಾಕುವದು. ಹೀಗೆ ಕೆಟ್ಟ ಧ್ವನಿ ತಿರುಗಿ ಬಾರದು.

ಮೇಣವು ಎಷ್ಟು ಮೃದುವಾದ ಪದಾರ್ಥವೆಂಬದಕ್ಕೆ ನಮ್ಮ ನಾಡಿನಲ್ಲಿಯೇ ದೃಷ್ಟಾಂತವಿದೆ. 1892ರಲ್ಲಿ ಸ್ವಾಮಿ ವಿವೇಕಾನಂದರು ಮೈಸೂರಿಗೆ ಬಂದಾಗ ಮಹಾರಾಜರಾದ ಚಾಮರಾಜೇಂದ್ರ ಒಡೆಯರು ಅವರ ಧ್ವನಿಯನ್ನು ಫೋನೋಗ್ರಾಫಿನಲ್ಲಿ ಹಿಡಿಸಿದರೆಂದು ಸ್ವಾಮಿಗಳ ಶಿಷ್ಯರು ಬರೆದ ಜೀವನಚರಿತ್ರೆಯಲ್ಲಿ ಹೇಳಿದೆ. ಅದು ಅರಮನೆಯಲ್ಲಿ ಕಾದಿಡಲ್ಪಟ್ಟಿದ್ದರೂ ಕಾಲಾಂತರದಲ್ಲಿ ಅಸ್ಪಷ್ಟವಾಗಿ ಹೋಯಿತೆಂದು ಅದೇ ಗ್ರಂಥವು ತಿಳಿಸುತ್ತದೆ. ಅರಮನೆಯ ಕಾವಲಿನಲ್ಲಿದ್ದ ಧ್ವನಿಗೇ ಇಂಥ ಗತಿಯಾದರೆ, ಸಾಮಾನ್ಯರ ಮನೆಯ ಉರುಳೆ ಎಷ್ಟು ಜಾಗರೂಕತೆಯನ್ನು ಬೇಡುವದೆಂಬದನ್ನು ವಾಚಕರೇ ಊಹಿಸಬಹುದು.

ಸಂಗ್ರಾಹಕರು ಭೇದಗಳನ್ನು ಮೂರು ಬಗೆಯಾಗಿ ವಿಂಗಡಿಸುವರು. ಕಾರಖಾನೆಯಲ್ಲಿಯೇ ಆದ ಬದಲಾವಣೆ ಮೊದಲನೆಯದು. ಯಂತ್ರವು ಬಳಕೆಯಲ್ಲಿದ್ದಾಗಲೇ ವ್ಯಾಪಾರಿಯಾಗಲಿ ಒಡೆಯನಾಗಲಿ ಮಾಡಿಸಿದ ಸೇರ್ಪಡೆ ಎರಡನೆಯದು. ಬಹುಕಾಲದ ಮೇಲೆ ರಿಪೇರಿಯವನು ಸಿಕ್ಕ ಭಾಗವನ್ನು ಕೂಡಿಸಿದ್ದು ಮೂರನೆಯದು. 1908ರ ತರುವಾಯ ಹಳೆಯ ಯಂತ್ರಗಳಿಗೂ 4 ನಿಮಿಷದ ಉರುಳೆ ನುಡಿಸುವ ಹಲ್ಲುಚಕ್ರಗಳನ್ನು ಕಂಪನಿಯವರು ಪ್ರತ್ಯೇಕವಾಗಿ ಮಾರಿದರು. ಆದಕಾರಣ 1903ರ ಯಂತ್ರದಲ್ಲಿ ಅಂಥ ಚಕ್ರವಿದ್ದರೆ ಅದು ಸುಳ್ಳು ಯಂತ್ರವೆನ್ನಲಾಗದು. ಒಂದು ಕುಟುಂಬವು ಹೊಸ ಹಾಡುಗಳನ್ನು ಕೇಳಬಯಸಿತೆಂಬದಕ್ಕೆ ಅದು ಸಾಕ್ಷಿಯಾಗಬಹುದು. ಈ ಮೂರನ್ನೂ ಬೇರ್ಪಡಿಸುವದಕ್ಕೆ ಒಂದು ಯಂತ್ರವನ್ನು ನೋಡಿದರೆ ಸಾಲದು. ಅನೇಕ ಯಂತ್ರಗಳ ಕ್ರಮಸಂಖ್ಯೆಗಳನ್ನು ಬರೆದುಕೊಂಡು ಹೋಲಿಸಬೇಕು. ಒಂದರಲ್ಲಿ ಕಂಡ ವಿಶೇಷವು ಬರೇ ವರ್ತಮಾನ. ಹತ್ತಿರ ಹತ್ತಿರದ ಸಂಖ್ಯೆಗಳುಳ್ಳ ಇಪ್ಪತ್ತರಲ್ಲಿ ಕಂಡರೆ ಅದು ಪ್ರಮಾಣ. ಫಲಕದ ಮೇಲೆ ಕೆತ್ತಿದ ಪೇಟೆಂಟು ತಾರೀಖುಗಳೂ ಸಹಾಯಕವೇ. ಆದರೆ ಕೊನೆಯ ತಾರೀಖಿಗಿಂತ ಮೊದಲು ಆ ಫಲಕವು ಆಗಿರಲಾರದೆಂದು ಮಾತ್ರ ಅವು ತಿಳಿಸುವವು.

ಈ ಕೆಲಸವು ಒಬ್ಬರಿಂದ ಆಗತಕ್ಕದ್ದಲ್ಲ. ಲಂಡನ್ ಪಟ್ಟಣದಲ್ಲಿ 1919ರಲ್ಲಿಯೇ ಫೋನೋಗ್ರಾಫು ಮತ್ತು ಗ್ರಾಮೋಫೋನು ಪ್ರಿಯರ ಸಂಘವು ಹುಟ್ಟಿತು. ಜಾರ್ಜ್ ಫ್ರೋ ಎಂಬವರು ಎಡಿಸನ್ನನ ಉರುಳೆಯಂತ್ರಗಳ ಭೇದಗಳನ್ನು ದೊಡ್ಡ ಗ್ರಂಥವಾಗಿ ಬರೆದರು. ನಮ್ಮ ದೇಶದಲ್ಲಿ 1990ರಲ್ಲಿ ಮುಂಬಯಿಯಲ್ಲಿ ಸೊಸಾಯಿಟಿ ಆಫ್ ಇಂಡಿಯನ್ ರೆಕಾರ್ಡ್ ಕಲೆಕ್ಟರ್ಸ್ ಎಂಬ ಸಂಘ ಸ್ಥಾಪಿತವಾಗಿ, ‘ದಿ ರೆಕಾರ್ಡ್ ನ್ಯೂಸ್’ ಎಂಬ ಪತ್ರಿಕೆಯ ಮೂಲಕ ಸಂಗ್ರಾಹಕರ ಟಿಪ್ಪಣಿಗಳನ್ನು ಒಂದೆಡೆ ಕೂಡಿಸಿತು.

ಭಾರತದಲ್ಲಿ ಉರುಳೆಗಿಂತ ತಟ್ಟೆಯೇ ಹೆಚ್ಚು ಬಳಕೆಯಾದ್ದರಿಂದ ನಮ್ಮ ಮನೆಗಳಲ್ಲಿ ಸಿಕ್ಕುವದು ಬಹುಮಟ್ಟಿಗೆ ಗ್ರಾಮೋಫೋನು. ಅವುಗಳೊಳಗೂ ಭೇದಗಳುಂಟು. ‘ಹಿಸ್ ಮಾಸ್ಟರ್ಸ್ ವಾಯ್ಸ್’ ಕಂಪನಿಯ 101ನೆಯ ನಂಬರಿನ ಕೈಪೆಟ್ಟಿಗೆ 1925ರಲ್ಲಿ ಬಂದಿತು. ಅದರ ಮೊದಲಿನವುಗಳಿಗೆ ಕೀಲಿ ಕೊಡುವ ತೂತು ಮುಂದುಗಡೆ, ತರುವಾಯದವುಗಳಿಗೆ ಬದಿಯಲ್ಲಿ. 1931ರಲ್ಲಿ 102ನೆಯ ನಂಬರಿನದು ಅದರ ಸ್ಥಾನಕ್ಕೆ ಬಂದಿತು. ಇಂಥ ವಿವರಗಳನ್ನು ಅರಿಯದವರು ಸುಲಭವಾಗಿ ಮೋಸಹೋಗುವರು. ಯಾಕಂದರೆ ದೊಡ್ಡ ಪಟ್ಟಣಗಳ ಹಳೆಯ ಸಾಮಾನಿನ ಬಾಜಾರುಗಳಲ್ಲಿ ಥಳಥಳಿಸುವ ಹಿತ್ತಾಳೆಯ ಕಹಳೆ, ಹೊಸ ಕಟ್ಟಿಗೆಯ ಪೆಟ್ಟಿಗೆ, ನಾಯಿಯ ಚಿತ್ರದ ಹೊಸ ಬಿಲ್ಲೆ ಇವುಗಳನ್ನು ಜೋಡಿಸಿ ‘ಪುರಾತನ ಯಂತ್ರ’ವೆಂದು ಮಾರುವದುಂಟು. ಅವುಗಳ ಹೊಟ್ಟೆಯಲ್ಲಿರುವ ಚಾಲಕವು ಹಲವು ವೇಳೆ ಯಾವದೋ ಒಳ್ಳೆಯ ಕೈಪೆಟ್ಟಿಗೆಯನ್ನು ಒಡೆದು ತೆಗೆದದ್ದಾಗಿರುತ್ತದೆ. ಒಂದು ಸುಳ್ಳು ಯಂತ್ರವನ್ನು ಹುಟ್ಟಿಸುವದಕ್ಕಾಗಿ ಒಂದು ನಿಜ ಯಂತ್ರವು ನಾಶವಾಗುವದು ವ್ಯಸನದ ಸಂಗತಿ.

ಮುಧೋಳ, ಸೇಡಂ, ಚಿಂಚೋಳಿಗಳು ಇಂಥ ಸಂಘಗಳಿಂದ ದೂರವೆಂದು ಯಾರೂ ತಿಳಿಯಬಾರದು. ವಾಡಿಯಿಂದ ಚಿತ್ತಾಪುರ, ಸೇಡಂ ಮಾರ್ಗವಾಗಿ ಸಿಕಂದರಾಬಾದಕ್ಕೆ ಹೋಗುವ ರೈಲುದಾರಿ 1874ರಲ್ಲಿಯೇ ತೆರೆಯಿತು. ಹೀಗೆ ಗ್ರಾಮೋಫೋನು ಹುಟ್ಟುವ ಮೊದಲೇ ಮುಂಬಯಿಯ ಸರಕು ಈ ಸೀಮೆಗೆ ಬರಲು ದಾರಿಯಿತ್ತು. ಆದದರಿಂದ ನಮ್ಮ ಹಳೆಯ ವಿದ್ಯಾರ್ಥಿನಿಯರನ್ನೂ ಪಾಲಕರನ್ನೂ ನಾವು ಕೇಳಿಕೊಳ್ಳುವದೇನಂದರೆ, ಮನೆಯಲ್ಲಾಗಲಿ ನೆಂಟರಲ್ಲಾಗಲಿ ಇಂಥ ಯಂತ್ರವಿದ್ದರೆ ಅವಸರದಿಂದ ತಿಕ್ಕಿ ಬೆಳಗಬೇಡಿರಿ. ತಿಕ್ಕುವದರಿಂದ ಬಣ್ಣದ ಗೆರೆಗಳೂ ಹೆಸರಿನ ಅಕ್ಷರಗಳೂ ಅಳಿದುಹೋಗುವವು. ಒಣಗಿದ ಎಣ್ಣೆಯಿಂದ ಬಿಗಿದ ಸ್ಪ್ರಿಂಗಿಗೆ ಬಲವಂತದಿಂದ ಕೀಲಿ ಕೊಡಬೇಡಿರಿ. ಮೇಣದ ಉರುಳೆಯಿದ್ದರೆ ಹೊರಮೈ ಮುಟ್ಟದೆ, ಒಳಗೆ ಎರಡು ಬೆರಳು ಹಾಕಿ ಎತ್ತಿರಿ. ಭಾಗಗಳನ್ನು ಬದಲಿಸಬೇಕಾದಲ್ಲಿ ತೆಗೆದ ಹಳೆಯ ಭಾಗವನ್ನು ಚೀಲದಲ್ಲಿ ಕಟ್ಟಿ ಪೆಟ್ಟಿಗೆಯೊಂದಿಗೇ ಇಡಿರಿ.

ಬಳಿಕ ಒಂದು ನೋಟುಬುಕ್ಕನ್ನು ತೆಗೆದುಕೊಂಡು, ಮುಚ್ಚಳದ ಹೆಸರು, ಫಲಕದ ಸಂಖ್ಯೆ, ಧ್ವನಿಪೆಟ್ಟಿಗೆಯ ಗುರುತು, ಕೀಲಿಯ ಸ್ಥಾನ, ಕಹಳೆಯ ಲೋಹ ಇವುಗಳನ್ನು ಕಂಡ ಹಾಗೆ ಬರೆಯಿರಿ. ಯಾರು ಕೊಂಡರು, ಯಾವ ಊರಿನಿಂದ ತಂದರು, ಯಾರು ರಿಪೇರಿಮಾಡಿದರು ಎಂಬದನ್ನು ಹಿರಿಯರನ್ನು ಕೇಳಿ ಬೇರೆ ಪುಟದಲ್ಲಿ ಬರೆಯಿರಿ. ಕಂಡದ್ದೂ ಕೇಳಿದ್ದೂ ಒಂದರಲ್ಲೊಂದು ಬೆರೆಯಬಾರದು. 1902ರಲ್ಲಿ ಕಲಕತ್ತೆಯಲ್ಲಿ ಹಾಡಿದ ಗೌಹರ ಜಾನಳು, 1930ರಲ್ಲಿ ನಮ್ಮ ಮೈಸೂರಿನಲ್ಲಿಯೇ ತೀರಿಕೊಂಡವಳು, ಹಾಡಿನ ಕೊನೆಗೆ ತನ್ನ ಹೆಸರನ್ನು ತಾನೇ ಹೇಳುತ್ತಿದ್ದಳು. ಆದದರಿಂದ ಅವಳ ತಟ್ಟೆ ಯಾರದೆಂಬ ಸಂದೇಹವಿಲ್ಲ. ಯಂತ್ರವಾದರೋ ತನ್ನ ಚರಿತ್ರೆಯನ್ನು ತಾನು ಹೇಳಲಾರದು. ಅದನ್ನು ಬಲ್ಲ ಅಜ್ಜ ಅಜ್ಜಿಯರು ಇರುವಾಗಲೇ ಅದರ ಪರವಾಗಿ ನಾವು ಬರೆದಿಡತಕ್ಕದ್ದು.